ಮದ್ದು ಮತ್ತು ಕೋತಿ

ನಮ್ಮ ಹಳ್ಳಿಗಳಲ್ಲಿ ಒಂದು ಕಥೆಯುಂಟು. ವಾಚಕರಲ್ಲಿ ಬಹುಮಂದಿ ಅದನ್ನು ಅಜ್ಜಿಯ ಬಾಯಿಂದಲೋ ಮೇಷ್ಟರ ಬಾಯಿಂದಲೋ ಕೇಳಿಯೇ ಇರುತ್ತಾರೆ. ರೋಗಿಯೊಬ್ಬನು ಪಂಡಿತರ ಬಳಿಗೆ ಹೋದನು. ಪಂಡಿತರು ಮದ್ದನ್ನು ಅರೆದು ಕೊಟ್ಟು, "ಇದನ್ನು ಕುಡಿಯುವಾಗ ಕೋತಿಯೊಂದನ್ನು ಮಾತ್ರ ನೆನೆಯಬೇಡಪ್ಪ, ನೆನೆದೆಯೋ, ಮದ್ದು ನಾಟುವುದಿಲ್ಲ" ಎಂದು ಪಥ್ಯ ಹೇಳಿದರು. ಹುಟ್ಟಿದಂದಿನಿಂದ ಮದ್ದು ಕುಡಿಯುವಾಗ ಒಮ್ಮೆಯೂ ಕೋತಿಯನ್ನು ನೆನೆಯದಿದ್ದ ಆ ಬಡಪಾಯಿ, ಅಂದಿನಿಂದ ಬಟ್ಟಲನ್ನು ತುಟಿಗೆ ತಂದಾಗಲೆಲ್ಲ ಕೋತಿಯನ್ನೇ ಕಂಡನು. ಕಥೆಯನ್ನು ಕೇಳಿ ನಾವು ನಗುತ್ತೇವೆ. ಪಂಡಿತರು ತಮ್ಮ ಮದ್ದಿನ ಮರ್ಯಾದೆಯನ್ನು ಉಳಿಸಿಕೊಂಡ ಜಾಣ್ಮೆಯನ್ನು ಮೆಚ್ಚುತ್ತೇವೆ. ರೋಗಿಯ ಗತಿ ಮುಂದೇನಾಯಿತೆಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ರೋಗಿಯ ಗತಿಯೇ ಈ ಲೇಖನದ ವಿಷಯ. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು. ಆದರೆ ಆತ್ಮೀಯರಾದ ಮಿತ್ರರೊಬ್ಬರು ಈ ಕೋತಿಯ ಕೈಗೆ ಸಿಕ್ಕಿ ನರಳಿದುದನ್ನೂ, ಚಿಕಿತ್ಸೆಯಿಂದ ಮರಳಿ ಸಂಸಾರದೊಳಕ್ಕೆ ಬಂದುದನ್ನೂ ಹತ್ತಿರದಿಂದ ಕಂಡೆನು. ಅವರ ಅನುಮತಿಯಿಂದಲೇ ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಕೋತಿಯ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು.

ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ 1863ರಲ್ಲಿ ಪ್ರಕಟಿಸಿದ ತನ್ನ ಯುರೋಪು ಪ್ರವಾಸದ ಬರಹದಲ್ಲಿ, ಕೋತಿಯ ಸ್ಥಾನದಲ್ಲಿ ಬಿಳಿಯ ಕರಡಿಯನ್ನಿಟ್ಟು ನಮ್ಮ ಪಂಡಿತರ ಮಾತನ್ನೇ ಹೇಳಿದ್ದಾನೆ. ಸುಮಾರು ನೂರಿಪ್ಪತ್ತು ವರ್ಷಗಳ ತರುವಾಯ, 1987ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಎಂಬವರು ಸಂಗಡಿಗರೊಡನೆ ಇದನ್ನು ಪರೀಕ್ಷೆಗೆ ಒಡ್ಡಿದರು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂಡಿಸಿ, ಐದು ನಿಮಿಷಗಳ ಕಾಲ ಬಿಳಿಯ ಕರಡಿಯನ್ನು ನೆನೆಯಬಾರದೆಂದೂ, ನೆನಪಾದರೆ ಮುಂದಿಟ್ಟ ಗಂಟೆಯನ್ನು ಬಾರಿಸಬೇಕೆಂದೂ ಹೇಳಿದರು. ಗಂಟೆ ಮತ್ತೆ ಮತ್ತೆ ಮೊಳಗಿತು. ಅಷ್ಟೇ ಆಗಿದ್ದರೆ ವಿಶೇಷವೇನೂ ಇರಲಿಲ್ಲ. ಆಮೇಲೆ ಅದೇ ವಿದ್ಯಾರ್ಥಿಗಳಿಗೆ, ಈಗ ಕರಡಿಯನ್ನು ಧಾರಾಳವಾಗಿ ನೆನೆಯಬಹುದು ಎಂದು ಅಪ್ಪಣೆಯಾಯಿತು. ಮೊದಲಿನಿಂದಲೂ ನೆನೆಯಲು ಅಪ್ಪಣೆಯಿದ್ದವರಿಗಿಂತ, ಮೊದಲು ಅದುಮಿಟ್ಟುಕೊಂಡಿದ್ದವರಿಗೇ ಕರಡಿ ಹೆಚ್ಚು ಸಲ ನೆನಪಾಯಿತು! ಅದುಮಿಟ್ಟ ಯೋಚನೆ ಬಡ್ಡಿಯೊಡನೆ ಹಿಂದಿರುಗುತ್ತದೆ ಎಂದಾಯಿತು.

ಕರಡಿ ನಿರಪಾಯವಾದ ಪ್ರಾಣಿ, ನೆನಪಿನ ಮಟ್ಟಿಗಾದರೂ. ಆದರೆ ಮನುಷ್ಯನ ಮನಸ್ಸಿಗೆ ಕರೆಯದೆ ಬರುವ ಯೋಚನೆಗಳೆಲ್ಲ ಅಷ್ಟು ಸೌಮ್ಯವಾದುವಲ್ಲ. ಮಾಳಿಗೆಯ ಅಂಚಿನಲ್ಲಿ ನಿಂತವನಿಗೆ, 'ಹಾರಿಬಿಟ್ಟರೆ?' ಎನ್ನಿಸುತ್ತದೆ. ಗರ್ಭಗುಡಿಯ ಮುಂದೆ ಕೈಮುಗಿದ ಭಕ್ತನ ಮನಸ್ಸಿನಲ್ಲಿ ಒಂದು ಅಶ್ಲೀಲವಾದ ಬೈಗುಳ ಸುಳಿಯುತ್ತದೆ. ಹಸುಗೂಸನ್ನು ಎತ್ತಿಕೊಂಡ ತಾಯಿಗೆ, 'ಕೈಬಿಟ್ಟರೆ?' ಎನ್ನಿಸುತ್ತದೆ. ಇಂಥ ಯೋಚನೆ ತಮಗೊಬ್ಬರಿಗೇ ಬಂದಿತೆಂದು ಪ್ರತಿಯೊಬ್ಬರೂ ಭಾವಿಸಿ ಬಾಯಿ ಮುಚ್ಚಿಕೊಂಡಿರುತ್ತಾರೆ. 1978ರಲ್ಲಿ ಲಂಡನ್ನಿನಲ್ಲಿ ಸ್ಟ್ಯಾನ್ಲಿ ರ‍್ಯಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಜನರನ್ನು ಈ ವಿಷಯವಾಗಿ ವಿಚಾರಿಸಿದರು. ನೂರಕ್ಕೆ ಸುಮಾರು 80 ಮಂದಿ, ಇಂಥ ಯೋಚನೆಗಳು ತಮಗೂ ಬರುತ್ತವೆ ಎಂದು ಒಪ್ಪಿಕೊಂಡರು. ಆರೋಗ್ಯವಂತರಿಗೆ ಬರುವ ಯೋಚನೆಗೂ ರೋಗಿಗಳಿಗೆ ಬರುವ ಯೋಚನೆಗೂ ತಿರುಳಿನಲ್ಲಿ ಬಹಳ ಹೋಲಿಕೆಯಿತ್ತು. ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ನೋಯಿಸುತ್ತದೆ, ಎಷ್ಟು ಸುಲಭವಾಗಿ ಬಿಟ್ಟುಹೋಗುತ್ತದೆ ಎಂಬಲ್ಲಿ ಮಾತ್ರ ವ್ಯತ್ಯಾಸ.

ನನ್ನ ಅಭಿಪ್ರಾಯದಲ್ಲಿ ಈ ವಿಷಯವನ್ನು ಕುರಿತು ಕಳೆದ ಶತಮಾನದಲ್ಲಿ ಆದ ಸಂಶೋಧನೆಗಳಲ್ಲಿ ಇದಕ್ಕಿಂತ ಕರುಣಾಮಯವಾದುದು ಇನ್ನೊಂದಿಲ್ಲ. ಯೋಚನೆ ರೋಗವಲ್ಲ. ಯೋಚನೆಗೆ ನಾವು ಕೊಡುವ ಉತ್ತರದಲ್ಲಿ ರೋಗವಿದೆ.

ನಮ್ಮ ಆಡುಮಾತಿನಲ್ಲಿ 'ಗೀಳು' ಎಂಬುದು ಸಡಿಲವಾದ ಶಬ್ದ. ಇಸ್ಪೀಟಿನ ಗೀಳು, ಸಿನಿಮಾ ಗೀಳು ಎನ್ನುತ್ತೇವೆ; ಅವು ಸುಖ ಕೊಡತಕ್ಕವು. ವೈದ್ಯರು ಹೇಳುವ ಗೀಳು ಕಾಯಿಲೆಯಲ್ಲಿ ಸುಖದ ಸೋಂಕೂ ಇಲ್ಲ. ಅದಕ್ಕೆ ಎರಡು ಅಂಗಗಳು. ಬೇಡವೆಂದರೂ ನುಗ್ಗುವ ಯೋಚನೆ ಒಂದು; ಆ ಯೋಚನೆಯಿಂದ ಹುಟ್ಟಿದ ಭಯವನ್ನು ಶಮನ ಮಾಡಿಕೊಳ್ಳಲು ಮಾಡಲೇಬೇಕೆನ್ನಿಸುವ ಕ್ರಿಯೆ ಇನ್ನೊಂದು. ಕೈಯನ್ನು ಚರ್ಮ ಸುಲಿಯುವವರೆಗೆ ತೊಳೆಯುವವರನ್ನೂ, ಬೀಗವನ್ನು ಇಪ್ಪತ್ತು ಸಲ ಜಗ್ಗಿ ನೋಡುವವರನ್ನೂ ನಾವು ಕಂಡಿದ್ದೇವೆ. 'ಮಡಿಯ ಹುಚ್ಚು' ಎಂದು ಹೆಸರಿಟ್ಟು ನಕ್ಕಿದ್ದೇವೆ. ಆದರೆ ಕೆಲವರಲ್ಲಿ ಕ್ರಿಯೆಯೂ ಒಳಗೇ ನಡೆಯುತ್ತದೆ. ಅವರು ಮನಸ್ಸಿನಲ್ಲೇ ಪ್ರಾರ್ಥಿಸುತ್ತಾರೆ, ಎಣಿಸುತ್ತಾರೆ, ನಡೆದುದನ್ನು ಹಿಂದಿರುಗಿ ಪರೀಕ್ಷಿಸುತ್ತಾರೆ, ತಮ್ಮೊಡನೆ ತಾವೇ ವಾದಿಸುತ್ತಾರೆ. ನೆರೆಮನೆಯವರಿಗೆ ಹೋಗಲಿ, ಒಂದೇ ಚಾಪೆಯ ಮೇಲೆ ಮಲಗುವವರಿಗೂ ಅದು ತಿಳಿಯುವುದಿಲ್ಲ. ಈ ಕಾಯಿಲೆ ನೂರರಲ್ಲಿ ಒಬ್ಬಿಬ್ಬರಿಗೆ ಬಾಳಿನ ಯಾವುದಾದರೊಂದು ಕಾಲದಲ್ಲಿ ಬರುತ್ತದೆಂದು ಬಲ್ಲವರು ಹೇಳುತ್ತಾರೆ. ನಾವು ಪಾಠ ಹೇಳುವ ತರಗತಿಯಲ್ಲಿಯೂ ಒಬ್ಬ ಹುಡುಗನೋ ಹುಡುಗಿಯೋ ಇರಬಹುದೆಂದು ಇದರ ಅರ್ಥ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಯಾತನೆಯ ಅತ್ಯುತ್ತಮ ಚಿತ್ರ ಸಿಕ್ಕುವುದು ವೈದ್ಯಗ್ರಂಥದಲ್ಲಲ್ಲ. ಜಾನ್ ಬನ್ಯನ್ ಬರೆದ ಆತ್ಮಕಥೆಯಲ್ಲಿ. ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನ ಬಳಿ 1628ರಲ್ಲಿ ಹುಟ್ಟಿ, ಪಾತ್ರೆಗಳನ್ನು ಬೆಸೆದು ದುರಸ್ತಿ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದ ಬನ್ಯನ್ನನ ಹೆಸರು ನಮಗೆ ಹೊಸದಲ್ಲ. 1678ರಲ್ಲಿ ಪ್ರಕಟವಾದ ಅವನ ಯಾತ್ರಿಕನ ಕಥೆಯನ್ನು ಕ್ರೈಸ್ತ ಮಿಷನರಿಗಳು 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದಿದ್ದರು. ಅಪ್ಪಣೆಯಿಲ್ಲದೆ ಧರ್ಮೋಪದೇಶ ಮಾಡಿದನೆಂದು 1660ರಲ್ಲಿ ಸೆರೆಗೆ ಬಿದ್ದ ಅವನು, ಸೆರೆಮನೆಯಲ್ಲಿದ್ದಾಗಲೇ ತನ್ನ ಅಂತರಂಗದ ಚರಿತ್ರೆಯನ್ನು ಬರೆದನು. ಅದು 1666ರಲ್ಲಿ ಅಚ್ಚಾಯಿತು.

ಅದರಲ್ಲಿ ಗಂಟೆಯ ಪ್ರಸಂಗವೊಂದಿದೆ. ಬನ್ಯನ್ನನಿಗೆ ಇಗರ್ಜಿಯ ಗಂಟೆ ಬಾರಿಸುವುದೆಂದರೆ ಪ್ರಾಣ. ಅದು ವ್ಯರ್ಥವಿನೋದವೆಂದು ತೋರಿ ಬಾರಿಸುವುದನ್ನು ಬಿಟ್ಟನು. ಆದರೆ ಬಾರಿಸುವವರನ್ನು ನೋಡುವ ಆಸೆ ಬಿಡಲಿಲ್ಲ. ನೋಡುತ್ತ ನಿಂತಾಗ, ಗಂಟೆ ಕಳಚಿ ತನ್ನ ತಲೆಯ ಮೇಲೆ ಬಿದ್ದರೆ ಎಂಬ ಯೋಚನೆ ಬಂದಿತು. ತೊಲೆಯ ಕೆಳಗೆ ಸರಿದು ನಿಂತನು. ಗಂಟೆ ಗೋಡೆಗೆ ಬಡಿದು ಪುಟಿದು ಬಂದರೆ? ಬಾಗಿಲಿಗೆ ಬಂದು ನಿಂತನು. ಗೋಪುರವೇ ಕುಸಿದರೆ? ಅಲ್ಲಿಂದ ಓಡಿಯೇಹೋದನು. ಒಂದೊಂದು ಹೆಜ್ಜೆ ಹಿಂದೆ ಸರಿದಾಗಲೂ ಭಯ ಒಂದೊಂದು ಹೆಜ್ಜೆ ಮುಂದೆ ಬಂದುದನ್ನು ವಾಚಕರು ಗಮನಿಸಬೇಕು. ಇಂದಿನ ಮನೋವೈದ್ಯರು ಗೀಳಿನ ಬೆಳವಣಿಗೆಯನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಕೊಡಲಾರರು.

ಮುಂದಿನದು ಇನ್ನೂ ಘೋರ. ಕ್ರಿಸ್ತನನ್ನು ಮಾರಿಬಿಡಬೇಕೆಂಬ ಪ್ರೇರಣೆ ಅವನ ಮನಸ್ಸಿನಲ್ಲಿ ತಲೆದೋರಿತು. ಸುಮಾರು ಒಂದು ವರ್ಷ ಅದು ಅವನನ್ನು ಬಿಡಲಿಲ್ಲ. ಊಟ ಮಾಡುವಾಗ, ಸೌದೆ ಸೀಳುವಾಗ, ಸೂಜಿಯೊಂದನ್ನು ಹೆಕ್ಕಲು ಬಗ್ಗುವಾಗ, ಆ ಮಾತೇ. ಅವನು ಪ್ರತಿಸಲವೂ ಉತ್ತರ ಕೊಟ್ಟನು: ಮಾರುವುದಿಲ್ಲ, ಸಾವಿರ ಲೋಕಗಳನ್ನು ಕೊಟ್ಟರೂ ಮಾರುವುದಿಲ್ಲವೆಂದು. ಯೋಚನೆಯನ್ನು ಮೈಯಿಂದ ಹೊರದೂಡುವವನಂತೆ ಕೈಗಳಿಂದ, ಮೊಣಕೈಗಳಿಂದ ತಳ್ಳುತ್ತಿದ್ದನು. ಒಂದು ಬೆಳಗ್ಗೆ ಹಾಸಿಗೆಯಲ್ಲಿದ್ದಾಗ, ಸೆಣಸಿ ಸೆಣಸಿ ಬಳಲಿ, ಹೋಗುವುದಾದರೆ ಹೋಗಲಿ ಎಂಬ ಭಾವ ಎದೆಯಲ್ಲಿ ಸುಳಿದುಬಿಟ್ಟಿತು. ಅಲ್ಲಿಗೆ ತಾನು ದೇವರನ್ನು ಮಾರಿಯೇಬಿಟ್ಟೆನೆಂದು ನಿಶ್ಚಯಿಸಿ, ವರ್ಷಗಟ್ಟಲೆ ನರಕದ ಬಾಗಿಲಲ್ಲಿ ನಿಂತವನಂತೆ ಬದುಕಿದನು. ಸುಳಿದುದು ಒಂದು ಕ್ಷಣ, ತನಿಖೆ ವರ್ಷಗಟ್ಟಲೆ.

350 ವರ್ಷಗಳ ಹಿಂದಿನ ಸಂತನೊಬ್ಬನ ಕೈನಾಡಿಯನ್ನು ಇಂದು ಹಿಡಿದು ರೋಗನಿರ್ಣಯ ಮಾಡುವುದು ಸಾಹಸವೆಂದು ನಾನು ಬಲ್ಲೆ. ಅವನ ಆಧ್ಯಾತ್ಮಿಕ ಸಂಕಟವನ್ನೆಲ್ಲ ಕಾಯಿಲೆಯೆಂದು ತಳ್ಳಿಹಾಕುವುದು ಅರಸಿಕತೆಯೂ ಆದೀತು. ಆದರೂ ಅಮೆರಿಕದ ದಾರ್ಶನಿಕ ವಿಲಿಯಂ ಜೇಮ್ಸ್ 1902ರಲ್ಲಿಯೇ ಬನ್ಯನ್ನನ ಅಂತಃಸಾಕ್ಷಿ ರೋಗವೆನ್ನುವಷ್ಟು ಸೂಕ್ಷ್ಮವಾಗಿತ್ತೆಂದು ಗುರುತಿಸಿದ್ದಾನೆ. ನನಗೆ ಕುತೂಹಲ ಹುಟ್ಟಿಸುವುದು ಬೇರೊಂದು ಸಂಗತಿ. ಆ ಪುಸ್ತಕದ ಕೊನೆಯ ಭಾಗದಲ್ಲಿ, ಸೆರೆಯಲ್ಲಿದ್ದ ಬನ್ಯನ್ ತನ್ನನ್ನು ಗಲ್ಲಿಗೇರಿಸಬಹುದೆಂದು ಹೆದರುತ್ತಾನೆ. ಆ ಗಳಿಗೆಯಲ್ಲಿ ದೇವರಿಂದ ಅಭಯ ದೊರೆಯದಿದ್ದರೆ ಏನು ಗತಿ ಎಂದು ತೊಳಲುತ್ತಾನೆ. ಕಡೆಗೆ, ಅಭಯ ದೊರೆಯಲಿ ಬಿಡಲಿ, ಮುಂದೆ ಕಾದಿರುವುದು ಸ್ವರ್ಗವೋ ನರಕವೋ ತಿಳಿಯದಿದ್ದರೂ ಸರಿ, ಹೆಜ್ಜೆಯನ್ನು ಹಿಂದಿಡುವುದಿಲ್ಲವೆಂದು ಸಂಕಲ್ಪ ಮಾಡುತ್ತಾನೆ. ಅಷ್ಟು ವರ್ಷ ಖಾತರಿಯನ್ನು ಬೇಡಿದವನು ಖಾತರಿಯಿಲ್ಲದೆಯೇ ನಡೆಯಲು ಒಪ್ಪಿದನು. ಇಂದಿನ ಚಿಕಿತ್ಸೆಯೂ ರೋಗಿಯಿಂದ ಕೇಳುವುದು ಇದನ್ನೇ.

ಈ ಚಿಕಿತ್ಸೆ ಒಂದೇ ದಿನದಲ್ಲಿ ಹುಟ್ಟಿದುದಲ್ಲ. 1909ರಲ್ಲಿ ಫ್ರಾಯ್ಡ್ ಮಹಾಶಯನು ಇಲಿಗಳ ಯೋಚನೆಯಿಂದ ಪೀಡಿತನಾದ ತರುಣನೊಬ್ಬನ ವೃತ್ತಾಂತವನ್ನು ಪ್ರಕಟಿಸಿದ್ದನು; ಓದಲು ಅದು ಪತ್ತೇದಾರಿ ಕಾದಂಬರಿಯಂತಿದೆ, ಆದರೆ ಆ ದಾರಿಯಲ್ಲಿ ಗುಣಹೊಂದಿದವರು ವಿರಳ. 1950ರ ದಶಕದಲ್ಲಿ, ಕೆಟ್ಟ ಯೋಚನೆ ಬಂದೊಡನೆ 'ನಿಲ್ಲು!' ಎಂದು ಗದರಿಸಿ ಅದನ್ನು ತಡೆಯುವ ಉಪಾಯ ಬಳಕೆಗೆ ಬಂದಿತು. ನಮ್ಮ ಕೋತಿಯ ಕಥೆ ಬಲ್ಲವರಿಗೆ ಅದರ ಫಲವನ್ನು ಹೇಳಬೇಕಾಗಿಲ್ಲ. ಗೀಳಿನ ಮಟ್ಟಿಗೆ ಅದಕ್ಕೆ ಇಂದು ಮನ್ನಣೆಯಿಲ್ಲ.

ತಿರುವು ಬಂದುದು 1966ರಲ್ಲಿ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿದ್ದ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು, ಬೇರೆ ಯಾವ ಚಿಕಿತ್ಸೆಗೂ ಬಗ್ಗದಿದ್ದ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಒಬ್ಬರಿಗೆ ತೊಳೆಯುವ ಗೀಳು. ಇನ್ನೊಬ್ಬರಿಗೆ ದೈವನಿಂದೆಯ ಯೋಚನೆಗಳು. ಮೇಯರರು ಮಾಡಿದುದು ಸರಳ, ಆದರೆ ಕಠಿನ: ಭಯ ಹುಟ್ಟಿಸುವ ಸಂದರ್ಭಕ್ಕೆ ರೋಗಿಯನ್ನು ಬೇಕೆಂದೇ ಒಡ್ಡುವುದು, ಆಮೇಲೆ ಭಯಶಮನದ ಕ್ರಿಯೆಯನ್ನು ಮಾಡಗೊಡದಿರುವುದು. ದಾದಿಯರು ಹಗಲಿರುಳು ಜೊತೆಗಿದ್ದು ನೋಡಿಕೊಂಡರು. ರೋಗಿ ನಿರೀಕ್ಷಿಸಿದ ಅನಾಹುತ ಸಂಭವಿಸಲಿಲ್ಲ. ಭಯ ಏರಿತು, ನಿಂತಿತು, ತಾನಾಗಿ ಇಳಿಯಿತು. ಒಡ್ಡಿಕೊಳ್ಳುವುದು ಮತ್ತು ಉತ್ತರಿಸದಿರುವುದು ಎಂಬ ಈ ಜೋಡಿ ಸೂತ್ರವೇ ಇಂದಿಗೂ ಗೀಳಿನ ಚಿಕಿತ್ಸೆಯ ಬೆನ್ನೆಲುಬು. 1985ರಲ್ಲಿ ಪಾಲ್ ಸಾಲ್ಕೊವ್‌ಸ್ಕಿಸ್ ಎಂಬವರು ಇದಕ್ಕೆ ಇನ್ನೊಂದು ಒಳನೋಟವನ್ನು ಸೇರಿಸಿದರು. ಗೀಳಿಗೆ ಸಿಕ್ಕಿದವರು ಹೊಣೆಗೇಡಿಗಳಲ್ಲ. ಹೊಣೆಯನ್ನು ಮಿತಿಮೀರಿ ಹೊತ್ತವರು. ಯೋಚನೆ ಬಂದಿತೆಂದರೆ ಅನಾಹುತವನ್ನು ತಪ್ಪಿಸುವ ಭಾರವೆಲ್ಲ ತಮ್ಮ ಮೇಲೆಯೇ ಬಿದ್ದಿತೆಂದು ಅವರು ತಿಳಿಯುತ್ತಾರೆ.

ಈ ಸಂದರ್ಭದಲ್ಲಿ ಒಂದು ಹಳೆಯ ಮಾತು ನೆನಪಾಗುತ್ತದೆ. ಮೇಲೆ ಹೇಳಿದ ಪದ್ಮಲ್ ಡಿ ಸಿಲ್ವ ಅವರು ಪಾಳಿ ಸಾಹಿತ್ಯವನ್ನು ಬಲ್ಲವರು. ಬೇಡದ ಯೋಚನೆಗಳ ನಿಗ್ರಹಕ್ಕೆ ಪ್ರಾಚೀನ ಬೌದ್ಧರು ಹೇಳಿದ ಉಪಾಯಗಳನ್ನು ಅವರು 1985ರ ಲೇಖನವೊಂದರಲ್ಲಿ ಆಧುನಿಕ ಚಿಕಿತ್ಸೆಯೊಡನೆ ಹೋಲಿಸಿದರು. ಮಜ್ಝಿಮ ನಿಕಾಯದ ವಿತಕ್ಕಸಂಠಾನ ಸುತ್ತದಲ್ಲಿ ಅಂಥ ಐದು ಉಪಾಯಗಳಿವೆ. ಬಡಗಿ ದಪ್ಪ ಬೆಣೆಯನ್ನು ಸಣ್ಣ ಬೆಣೆಯಿಂದ ಹೊಡೆದು ತೆಗೆಯುವಂತೆ ಒಳ್ಳೆಯ ಯೋಚನೆಯಿಂದ ಕೆಟ್ಟದನ್ನು ಕಳೆಯುವುದು ಮೊದಲನೆಯದು. ಹಲ್ಲು ಕಚ್ಚಿ ಮನಸ್ಸಿನಿಂದ ಮನಸ್ಸನ್ನು ಅದುಮುವುದು ಕಡೆಯದು. ಈ ಎರಡಕ್ಕಿಂತ ನನ್ನ ಮನಸ್ಸನ್ನು ಸೆಳೆದುದು ನಾಲ್ಕನೆಯದರ ಉಪಮಾನ. ಬಿರಬಿರನೆ ನಡೆಯುತ್ತಿದ್ದವನೊಬ್ಬನು, 'ಏಕೆ ಇಷ್ಟು ಅವಸರ?' ಎಂದು ನಿಧಾನವಾಗಿ ನಡೆಯುತ್ತಾನೆ, ಆಮೇಲೆ ನಿಲ್ಲುತ್ತಾನೆ, ಕೂರುತ್ತಾನೆ, ಮಲಗುತ್ತಾನೆ. ಅದು ಧ್ಯಾನಕ್ಕೆ ಕುಳಿತ ಭಿಕ್ಷುಗಳಿಗೆ ಹೇಳಿದ ಮಾತು, ರೋಗಿಗಳಿಗೆ ಹೇಳಿದುದಲ್ಲ. ಆದರೂ ಯೋಚನೆಯ ಬೆನ್ನು ಹತ್ತಿ ಓಡುವ ಅವಸರವೇ ಅರ್ಧ ಸಂಕಟವೆಂಬುದು ಅಲ್ಲಿ ಎಷ್ಟು ಚೆನ್ನಾಗಿ ತೋರುತ್ತದೆ!

ಇನ್ನು ನನ್ನ ಮಿತ್ರರ ವಿಷಯ. ಅವರು ತಾಲ್ಲೂಕು ಊರೊಂದರ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರು, ಸಾಧುಸ್ವಭಾವದವರು. ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ ಅವರಿಗೆ ಹೆಣ್ಣುಮಗುವಾಯಿತು. ಮಗುವಿಗೆ ಎಂಟು ತಿಂಗಳಾಗಿದ್ದಾಗ, ಒಂದು ಸಂಜೆ ಅದನ್ನು ಹೆಗಲಿಗೆ ಹಾಕಿಕೊಂಡು ಅಡಿಗೆಮನೆಗೆ ಹೋದರು. ಅವರ ಪತ್ನಿ ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚುತ್ತಿದ್ದರು. 'ಈ ಮಗುವನ್ನು ಅದರ ಮೇಲೆ ಒತ್ತಿಬಿಟ್ಟರೆ?' ಎಂಬ ಯೋಚನೆ ಮಿಂಚಿನಂತೆ ಬಂದಿತು. ಕೈಕಾಲು ತಣ್ಣಗಾಗಿ, ಮಗುವನ್ನು ಚಾಪೆಯ ಮೇಲೆ ಮಲಗಿಸಿ ಹೊರಗೆ ಬಂದುಬಿಟ್ಟರು.

ಬೇರೊಬ್ಬರಾಗಿದ್ದರೆ ತಲೆ ಕೊಡವಿ ಮರೆಯುತ್ತಿದ್ದರು. ಇವರು ಮರೆಯಲು ಪ್ರಯತ್ನಿಸಿದರು! ಮಾರನೆಯ ದಿನ ಈಳಿಗೆಮಣೆ ಅಟ್ಟಕ್ಕೆ ಹೋಯಿತು. ವಾರದೊಳಗೆ ಚಾಕು, ಕತ್ತರಿ, ಕ್ಷೌರದ ಬ್ಲೇಡು ಅದರ ಜೊತೆಗೆ ಸೇರಿದುವು. ಯೋಚನೆ ಬಂದಾಗಲೆಲ್ಲ ರಾಮನಾಮವನ್ನು 108 ಸಲ ಹೇಳುವರು. ನಡುವೆ ಯೋಚನೆ ಸುಳಿದರೆ ಮೊದಲಿನಿಂದ ಎಣಿಕೆ. ಮಗುವನ್ನು ಎತ್ತಿಕೊಳ್ಳುವುದು ನಿಂತಿತು. ಶಾಲೆ ಬಿಟ್ಟಮೇಲೂ ಕತ್ತಲಾಗುವವರೆಗೆ ಅಲ್ಲಿಯೇ ಕುಳಿತಿರುವರು. ರಾತ್ರಿ ತಾವು ಪಡಸಾಲೆಯಲ್ಲಿ ಮಲಗಿ, ಒಳಗಿನಿಂದ ಅಗುಳಿ ಹಾಕಿಕೊಳ್ಳುವಂತೆ ಪತ್ನಿಗೆ ಹೇಳುವರು. "ನಾನು ಅಂಥವನೇನೇ?" ಎಂದು ಆಕೆಯನ್ನು ಕೇಳುವರು. "ಅಯ್ಯೋ, ಇರುವೆಯನ್ನೂ ತುಳಿದವರಲ್ಲ ನೀವು, ಎಂಥ ಮಾತೂಂತ ಆಡ್ತೀರಿ" ಎಂದು ಆಕೆ ಸಮಾಧಾನ ಹೇಳಿದರೆ ಹತ್ತು ನಿಮಿಷ ನೆಮ್ಮದಿ. ಹನ್ನೊಂದನೆಯ ನಿಮಿಷಕ್ಕೆ ಮತ್ತದೇ ಪ್ರಶ್ನೆ. ಒಂದು ಭಾನುವಾರ ನನ್ನ ಮನೆಗೆ ಬಂದು, ಕೆಲಸಕ್ಕೆ ರಾಜೀನಾಮೆಯ ಕಾಗದವನ್ನು ತೋರಿಸಿದರು. ಮನೆಬಿಟ್ಟು ಎಲ್ಲಿಗಾದರೂ ಹೊರಟುಹೋಗುವೆನೆಂದೂ, ಮಗು ಬದುಕುಳಿಯುವುದಕ್ಕೆ ಬೇರೆ ದಾರಿಯಿಲ್ಲವೆಂದೂ ಹೇಳಿದರು. ಆ ದಿನದ ಅವರ ಮುಖವನ್ನು ವರ್ಣಿಸಲು ನನಗೆ ಇಷ್ಟವಿಲ್ಲ.

ಬೆಂಗಳೂರಿನ ಆಸ್ಪತ್ರೆಗೆ ಅವರನ್ನು ನಾನೇ ಕರೆದುಕೊಂಡು ಹೋದೆನು. ಅವರನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞೆ ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಮಿತ್ರರು ನೆಲ ನೋಡುತ್ತ ಎಲ್ಲವನ್ನೂ ಹೇಳಿ ಮುಗಿಸಿ, ಪೊಲೀಸರನ್ನು ಕರೆಯುತ್ತಾರೆಂದು ಕಾದವರಂತೆ ಕುಳಿತರು. ಆಕೆ ಸಾವಧಾನವಾಗಿ ಕೇಳಿ, "ಈ ಯೋಚನೆ ಬಂದಾಗ ನಿಮಗೆ ಹಾಗೆ ಮಾಡಬೇಕೂಂತ ಆಸೆ ಆಗುತ್ತಾ ಸಾರ್, ಇಲ್ಲ ಭಯ ಆಗುತ್ತಾ?" ಎಂದರು. "ಭಯವಮ್ಮಾ, ಬರೀ ಭಯ." "ಇದೇ ಮಾತು ಹೇಳಿಕೊಂಡು ಇಲ್ಲಿಗೆ ಎಷ್ಟೋ ಜನ ಅಪ್ಪಂದಿರು, ಅಮ್ಮಂದಿರು ಬರ್ತಾರೆ ಸಾರ್." ಮಿತ್ರರು ಮೊದಲ ಸಲ ತಲೆಯೆತ್ತಿದರು.

ಆಮೇಲೆ ನಡೆದ ಸಂವಾದದಲ್ಲಿ ಒಂದು ಅಂಶ ನನ್ನ ಮನಸ್ಸಿನಲ್ಲಿ ನಿಂತಿದೆ. ಮಿತ್ರರು ಶಾಸ್ತ್ರದ ಮಾತನ್ನೆತ್ತಿದರು: ಮನಸಾ ಮಾಡಿದ ಪಾಪವೂ ಪಾಪವಲ್ಲವೇ, ತ್ರಿಕರಣಶುದ್ಧಿಯೆಂದರೆ ಮನಸ್ಸಿನ ಶುದ್ಧಿಯೂ ಅಲ್ಲವೇ ಎಂದು. ಯೋಚಿಸುವುದನ್ನೂ ಮಾಡುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಭಾವನೆ ಗೀಳಿನ ರೋಗಿಗಳಲ್ಲಿ ಎಲ್ಲ ದೇಶಗಳಲ್ಲಿಯೂ ಕಾಣುವುದಂತೆ. ಮನಶ್ಶಾಸ್ತ್ರಜ್ಞರು ಅದಕ್ಕೊಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಆಕೆ ವಾದಕ್ಕೆ ಇಳಿಯಲಿಲ್ಲ. ದಾರಿಯಲ್ಲಿ ಹಿಂದಿರುಗುವಾಗ ನಾನು ಮಾತ್ರ, ಶಾಸ್ತ್ರ ಹೇಳುವ ಮಾನಸಿಕ ಪಾಪ ಸಂಕಲ್ಪಪೂರ್ವಕವಾದುದು, ಬೀದಿಯಲ್ಲಿ ಹೋಗುವ ನಾಯಿ ಅಂಗಳಕ್ಕೆ ನುಗ್ಗಿದರೆ ಮನೆಯವನು ಅದನ್ನು ಸಾಕಿದಂತಾಗುವುದಿಲ್ಲ ಎಂದೆನು. ಅವರಿಗೆ ಅದು ಒಪ್ಪಿಗೆಯಾಯಿತು. ಆದರೆ ಹದಿನೈದು ನಿಮಿಷದ ಮೇಲೆ, "ಸಾಕಿದ್ದರೆ?" ಎಂದರು. ತರ್ಕದಿಂದ ಈ ಕಾಯಿಲೆ ಏಕೆ ವಾಸಿಯಾಗುವುದಿಲ್ಲವೆಂಬುದು ನನಗೆ ಆ ಬಸ್ಸಿನಲ್ಲಿ ಗೊತ್ತಾಯಿತು.

ಚಿಕಿತ್ಸೆ ವಾರಕ್ಕೊಮ್ಮೆಯಂತೆ ನಾಲ್ಕು ತಿಂಗಳು ನಡೆಯಿತು. ಮೊದಲು ಭಯದ ಮೆಟ್ಟಿಲುಗಳ ಒಂದು ಪಟ್ಟಿ. ಚಾಕುವಿನ ಚಿತ್ರ ನೋಡುವುದಕ್ಕೆ ನೂರಕ್ಕೆ 20 ಅಂಕದ ಭಯ. ಈಳಿಗೆಮಣೆಯನ್ನು ಅಟ್ಟದಿಂದ ಇಳಿಸುವುದಕ್ಕೆ 40. ಮಗು ಪಕ್ಕದ ಕೋಣೆಯಲ್ಲಿರುವಾಗ ತರಕಾರಿ ಹೆಚ್ಚುವುದಕ್ಕೆ 70. ಪತ್ನಿ ಮನೆಯಲ್ಲಿಲ್ಲದಾಗ ಮಗುವನ್ನು ಒಬ್ಬರೇ ನೋಡಿಕೊಳ್ಳುವುದಕ್ಕೆ 100. ಕೆಳಗಿನ ಮೆಟ್ಟಿಲಿನಿಂದ ಆರಂಭ. ಪ್ರತಿ ಮೆಟ್ಟಿಲಿನಲ್ಲಿಯೂ ನಿಯಮ ಒಂದೇ: ಭಯ ಬಂದರೆ ಓಡಕೂಡದು, ರಾಮನಾಮದ ಎಣಿಕೆ ಕೂಡದು, ಪತ್ನಿಯನ್ನು ಕೇಳಕೂಡದು. ಪೂಜೆಯ ಹೊತ್ತಿನಲ್ಲಿ ರಾಮನಾಮ ಧಾರಾಳವಾಗಿ ಹೇಳಬಹುದು; ಭಯಕ್ಕೆ ಔಷಧವಾಗಿ ಮಾತ್ರ ಹೇಳಬಾರದು. ಈ ಭೇದ ನನಗೆ ಬಹಳ ಅರ್ಥವತ್ತಾಗಿ ಕಂಡಿತು.

ಇನ್ನೊಂದು ಸಾಧನವೆಂದರೆ ಯೋಚನೆಯನ್ನು ತಾವೇ ಬರೆಯುವುದು. ಮಿತ್ರರು ರಾತ್ರಿಯೆಲ್ಲ ಕುಳಿತು ಎರಡು ಪುಟ ಬರೆದುಕೊಂಡು ಹೋದರು. ಆ ಹುಡುಗಿ ಓದಿ, "ಇದು ಕಾವ್ಯ ಆಯ್ತು ಸಾರ್. 'ಶಿಶುಹತ್ಯಾಪಾತಕ' ಅಂದರೆ ನಿಮಗೆ ಭಯ ಆಗಲ್ಲ. ಮನೇಲಿ ಮಾತಾಡೋ ಹಾಗೆ ಬರೀರಿ" ಎಂದು ಹಿಂದಿರುಗಿಸಿದರಂತೆ. ಸಂಸ್ಕೃತದ ಮುಸುಕನ್ನು ತೆಗೆದು ಮನೆಮಾತಿನಲ್ಲಿ ಬರೆಯಲು ಅವರಿಗೆ ಮೂರು ದಿನ ಹಿಡಿಯಿತು. ಅದನ್ನು ತಮ್ಮ ದನಿಯಲ್ಲಿಯೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ದಿನವೂ ಅರ್ಧ ಗಂಟೆ ಕೇಳಬೇಕು. ಮೊದಲ ದಿನ ಬೆವರಿ ವಾಂತಿಯಾಯಿತು. ಎರಡನೆಯ ವಾರದ ಕೊನೆಗೆ ನನಗೆ ಫೋನು ಮಾಡಿ, "ಮೇಷ್ಟ್ರೇ, ಅದರಲ್ಲಿ ಒಂದು ವಾಕ್ಯಕ್ಕೆ ಕರ್ತೃಪದವೇ ಇಲ್ಲ, ಇವತ್ತು ಗಮನಿಸಿದೆ" ಎಂದರು. ನಾನು ಆ ದಿನ ಸಿಹಿ ಹಂಚಬೇಕೆಂದುಕೊಂಡೆ. ಯಾವ ಯೋಚನೆ ಅವರನ್ನು ಮನೆಬಿಡಿಸಲು ಹೊರಟಿತ್ತೋ ಅದು ವ್ಯಾಕರಣದೋಷವುಳ್ಳ ಒಂದು ವಾಕ್ಯವಾಗಿ ಕಾಣತೊಡಗಿತ್ತು.

ನನ್ನ ದೃಷ್ಟಿಯಲ್ಲಿ ಅತ್ಯಂತ ಕಷ್ಟದ ಪಾಲು ಬಂದುದು ಅವರ ಪತ್ನಿಗೆ. "ನಾನು ಅಂಥವನೇನೇ?" ಎಂದು ಕೇಳಿದಾಗ ಆಕೆ "ಅಲ್ಲ" ಎನ್ನಕೂಡದು! "ಅದಕ್ಕೆ ಉತ್ತರ ಕೊಡಬಾರದೂಂತ ನಾವು ಮಾತಾಡಿಕೊಂಡಿದ್ದೀವಲ್ಲರೀ" ಎಂದಷ್ಟೇ ಹೇಳಿ ತನ್ನ ಕೆಲಸ ನೋಡಿಕೊಳ್ಳಬೇಕು. ಗಂಡ ಕಣ್ಣೀರಿಡುತ್ತಿರುವಾಗ ಸಮಾಧಾನದ ಮಾತನ್ನು ನುಂಗಿಕೊಳ್ಳುವುದು ಎಂಥ ತಪಸ್ಸು! ಪ್ರೀತಿಯಿಂದ ಹೇಳಿದ ಒಂದೊಂದು 'ಅಲ್ಲ'ವೂ ಗೀಳಿಗೆ ಒಂದೊಂದು ತುತ್ತೆಂಬುದು ಆಕೆಗೆ ಮನವರಿಕೆಯಾದಮೇಲೆ, ಆ ಹೆಣ್ಣುಮಗಳು ಗಂಡನಿಗಿಂತ ಗಟ್ಟಿಯಾಗಿ ನಿಂತಳು.

ಇದೇ ಚಿಕಿತ್ಸೆ ಎಲ್ಲರಿಗೂ ಫಲಿಸುವುದೆಂದು ನಾನು ಹೇಳುತ್ತಿಲ್ಲ. ಕೆಲವರು ಮೊದಲ ಮೆಟ್ಟಿಲಿನಲ್ಲಿಯೇ ಅಂಜಿ ಬಿಟ್ಟುಬಿಡುತ್ತಾರೆ. ಪೂರ್ಣವಾಗಿ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಣನೀಯವಾದ ಸುಧಾರಣೆಯಾಗುತ್ತದೆ. ಔಷಧಗಳೂ ಉಂಟು. 1960ರ ದಶಕದಲ್ಲಿ ಬಳಕೆಗೆ ಬಂದ ಕ್ಲೋಮಿಪ್ರಮಿನ್, ಆಮೇಲಿನ ಫ್ಲುಆಕ್ಸೆಟಿನ್, ಸರ್ಟ್ರಲಿನ್ ಮುಂತಾದುವು ಅನೇಕರಿಗೆ ನೆರವಾಗಿವೆ. ಅವು ಕೆಲಸ ಮಾಡಲು ಎಂಟು ಹತ್ತು ವಾರ ಬೇಕಾಗುವುದುಂಟು. ಅವಸರಪಟ್ಟು ತಾವೇ ನಿಲ್ಲಿಸುವುದು ತರವಲ್ಲ. ನನ್ನ ಮಿತ್ರರೂ ವೈದ್ಯರ ಸಲಹೆಯಂತೆ ಸ್ವಲ್ಪ ಕಾಲ ಮಾತ್ರೆ ತೆಗೆದುಕೊಂಡರು.

ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳನ್ನು ಕುರಿತು ಬರೆಯುವ ಪರಂಪರೆ ಸಣ್ಣದಲ್ಲ. 'ಕೊರವಂಜಿ'ಯ ಸಂಪಾದಕರಾಗಿ ನಾಡನ್ನು ನಗಿಸಿದ ವೈದ್ಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆದುವು. ಅಲ್ಲಿ ಗೀಳಿಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. 2022ರಿಂದ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಸಲಹೆ ಕೊಡುವ ಸರ್ಕಾರದ ಏರ್ಪಾಡೂ ಆಗಿದೆ. ಆದರೆ ಈ ವಿಶೇಷ ಚಿಕಿತ್ಸೆಯಲ್ಲಿ ಪಳಗಿದವರು ದೊಡ್ಡ ಊರುಗಳನ್ನು ಬಿಟ್ಟರೆ ಸಿಕ್ಕುವುದು ದುರ್ಲಭ. ವಾರವಾರವೂ ಬಸ್ಸು ಹತ್ತುವ ಶಕ್ತಿ ನನ್ನ ಮಿತ್ರರಿಗಿತ್ತು. ದಿನಗೂಲಿಯ ತಾಯಿಗೆ ಎಲ್ಲಿಂದ ಬರಬೇಕು? ಆಕೆ ಮಾಟವೆಂದೋ ದೆವ್ವವೆಂದೋ ತಿಳಿದು ದೇವಸ್ಥಾನದಿಂದ ದೇವಸ್ಥಾನಕ್ಕೆ ಅಲೆಯುತ್ತಾಳೆ. ಅಧ್ಯಾಪಕರಾದವರು ಒಂದು ಕೆಲಸವನ್ನಂತೂ ಮಾಡಬಹುದು: ತಲೆತಗ್ಗಿಸಿಕೊಂಡು ಇಂಥ ಯೋಚನೆಯನ್ನು ಹೇಳಿಕೊಳ್ಳುವ ಹುಡುಗನನ್ನು ಗದರಿಸದೆ, ಬೆಚ್ಚಿಬೀಳದೆ, ಹತ್ತಿರದ ಮನೋವೈದ್ಯರಲ್ಲಿಗೆ ಕಳುಹಿಸಬಹುದು.

ಮಿತ್ರರಿಗೆ ಮೂರು ವರ್ಷಗಳ ಮೇಲೆ ಎರಡನೆಯ ಮಗುವಾಯಿತು. ನಾಮಕರಣಕ್ಕೆ ನಾನೂ ಹೋಗಿದ್ದೆನು. ಹಿತ್ತಲಿನಲ್ಲಿ ಕೈತೊಳೆಯುತ್ತಿದ್ದಾಗ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಅದು ಮತ್ತೆ ಬಂದಿದೆ, ಮೇಷ್ಟ್ರೇ" ಎಂದರು. ನನ್ನ ಎದೆ ಧಸಕ್ಕೆಂದಿತು. "ಏನು ಮಾಡಿದಿರಿ?" ಎಂದೆನು.

"ಏನು ಮಾಡಲಿ? ಬಾ ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹುಳಿಗೆ ಕುಂಬಳಕಾಯಿ ಹೆಚ್ಚೋದಿತ್ತು" ಎಂದು ಹೇಳಿ ಒಳಗೆ ಹೋದರು. ಅಡಿಗೆಮನೆಯ ನಡುವೆ ಈಳಿಗೆಮಣೆ. ಪಕ್ಕದ ಕೋಣೆಯ ತೊಟ್ಟಿಲಲ್ಲಿ ಮಗು. ದೊಡ್ಡವಳು ಬಾಗಿಲಲ್ಲಿ ಕುಳಿತು ಅಪ್ಪನನ್ನು ಏನೋ ಕೇಳುತ್ತಿದ್ದಳು. ಬಾಣಂತಿಯ ಕೋಣೆಯಿಂದ ಅವರ ಪತ್ನಿಯ ದನಿ ಬಂದಿತು: "ರೀ, ಹೋಳು ಸ್ವಲ್ಪ ದಪ್ಪ ಇರಲಿ, ಕರಗಿಹೋಗುತ್ತೆ."